ಡಬ್ಲಿನ್ನಿನ ಚಳಿಗೆ ಬಳ್ಳಾರಿಯಲ್ಲಿ ಕುಳಿತು ಕೋಟು ಆರಿಸಿದ್ದು

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಬಳ್ಳಾರಿಯಲ್ಲಿ ಕೋಟು ಎಂದರೆ ಆರತಕ್ಷತೆಯ ಸಂಜೆ ಮದುಮಗ ತೊಡುವುದು, ಇಲ್ಲವೇ ಕೋರ್ಟಿನ ಮುಂದೆ ವಕೀಲರ ಮೈಮೇಲೆ ಕಾಣುವುದು. ನನ್ನ ತಂಗಿಗೆ ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್ ಕೆಲಸ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಚಳಿಯ ಮಾತನ್ನೇ ಆಡಿದರು. ಅದು ಯಾವ ಬಗೆಯ ಚಳಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಅಮ್ಮನ ಲೆಕ್ಕ ಸರಳವಾಗಿತ್ತು: ಎಷ್ಟು ದಪ್ಪವೋ ಅಷ್ಟು ಬೆಚ್ಚಗೆ.

ಕೋಟು ಆರಿಸುವ ಹೊಣೆ ನನ್ನ ಮೇಲೆ ಬಿತ್ತು. ಕೌಲ್ ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಹೊಲಿಗೆ ತಪಾಸಣೆ ನನ್ನ ಕೆಲಸ. ಪ್ಯಾಂಟಿನ ಒಳಮಗ್ಗುಲು ತಿರುವಿ, ಹೊಲಿಗೆ ತಪ್ಪಿದೆಯೇ, ದಾರ ಸಡಿಲಾಗಿದೆಯೇ, ಜಿಪ್ಪಿನ ರನ್ನರ್ ಸಿಕ್ಕಿಕೊಳ್ಳುತ್ತದೆಯೇ ಎಂದು ಬೆಳಗಿನಿಂದ ಸಂಜೆಯವರೆಗೂ ನೋಡುವವಳು ನಾನು. ಬಟ್ಟೆಯ ವಿಷಯದಲ್ಲಿ ಅಂಗಡಿಯವನ ಮಾತಿಗಿಂತ ನನ್ನ ಬೆರಳನ್ನು ನಂಬುತ್ತೇನೆ.

ಬಟ್ಟೆಗೆ ಕೈ ಹಾಕುವ ಮುನ್ನ ಆ ಊರಿನ ಹವೆಯನ್ನು ತಿಳಿದುಕೊಂಡೆ. ಡಬ್ಲಿನ್‌ನಲ್ಲಿ ಜನವರಿಯ ಹಗಲು ಸುಮಾರು 8 ಡಿಗ್ರಿ, ರಾತ್ರಿ 2-3 ಡಿಗ್ರಿ. ಅಷ್ಟು ಉತ್ತರದಲ್ಲಿದ್ದರೂ ಹಿಮ ಬಿದ್ದು ನಿಲ್ಲುವುದು ಅಪರೂಪ, ಏಕೆಂದರೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಆ ದ್ವೀಪವನ್ನು ಸವರಿಕೊಂಡು ಹೋಗುತ್ತದೆ. ಅದೇ ಸಾಗರ ತೇವವನ್ನೂ ತರುತ್ತದೆ. ನಮ್ಮಲ್ಲಿ ಮಳೆ ಬಂದರೆ ಅರ್ಧ ಗಂಟೆ ಸುರಿದು ಹೋಗುತ್ತದೆ, ಮರುಗಳಿಗೆಯಲ್ಲಿ ಬಿಸಿಲು. ಅಲ್ಲಿ ವರ್ಷದ ಯಾವ ತಿಂಗಳೂ ಮಳೆಯಿಂದ ಬಿಡುವು ಕೊಡುವುದಿಲ್ಲ. ಸುರಿಯುವುದಕ್ಕಿಂತ ತುಂತುರು ಹೆಚ್ಚು, ಜೊತೆಗೆ ಗಾಳಿ. ಮಡಿಕೇರಿಯ ಆಷಾಢಕ್ಕೆ ಇನ್ನಷ್ಟು ಚಳಿ ಬೆರೆಸಿ, ಅದನ್ನು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಳೆದರೆ ಹೇಗಿರುತ್ತದೋ ಹಾಗೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ.

ಇಷ್ಟು ತಿಳಿದ ಮೇಲೆ ಅಮ್ಮನಿಗೆ ಹೇಳಿದೆ: ಇವಳಿಗೆ ಬೇಕಾಗಿರುವುದು ದಪ್ಪ ಕೋಟಲ್ಲ, ಒದ್ದೆಯಾಗದ ಕೋಟು.

ಬಟ್ಟೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಮೈಯ ಶಾಖವನ್ನು ಹಿಡಿದಿಡುವುದು ನೂಲು ಮತ್ತು ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಆ ಜಾಗಕ್ಕೆ ನೀರು ಹೊಕ್ಕರೆ ಎಲ್ಲವೂ ತಲೆಕೆಳಗು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಮೈ ಒಣಗಿದ್ದರೆ ಸೊನ್ನೆ ಡಿಗ್ರಿಯಲ್ಲೂ ನೆಮ್ಮದಿಯಾಗಿ ನಡೆಯಬಹುದು, ತೋಳು ನೆನೆದಿದ್ದರೆ 7 ಡಿಗ್ರಿಯಲ್ಲೂ ಹಲ್ಲು ಕಟಕಟ ಎನ್ನುತ್ತವೆ.

ಅಂಗಡಿಗಳಲ್ಲಿ ಮೊದಲು ತೋರಿಸಿದ್ದು ಬಾತುಕೋಳಿಯ ಮೃದುಗರಿ ತುಂಬಿದ ಉಬ್ಬು ಜಾಕೆಟ್‌ಗಳನ್ನು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ, ತೊಟ್ಟರೆ ಎರಡೇ ನಿಮಿಷಕ್ಕೆ ಬೆವರು. ಚೀಟಿಯ ಮೇಲಿನ 600, 800 ಎಂಬ ಅಂಕಿ ಆ ಗರಿ ಎಷ್ಟು ಅರಳಿ ನಿಲ್ಲುತ್ತದೆ ಎಂಬುದರ ಅಳತೆ. ಲಡಾಖಿನಂಥ ಒಣ ಚಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ನೆನೆದ ಗರಿ ಮುದ್ದೆ ಕಟ್ಟುತ್ತದೆ, ಅರಳುವುದು ನಿಂತಿತೆಂದರೆ ಬೆಚ್ಚಗಿಡುವುದೂ ನಿಂತಿತು. ಬಿಸಿಲೇ ಕಾಣದ ಬಾಡಿಗೆ ಕೋಣೆಯಲ್ಲಿ ಅದನ್ನು ಒಣಗಿಸುವುದು ಎಲ್ಲಿ? ಇನ್ನೊಂದನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಗರಿಯ ಚೌಕಗಳನ್ನು ಬೇರ್ಪಡಿಸುವ ಹೊಲಿಗೆ ಮೇಲಿನ ಬಟ್ಟೆಯಿಂದ ಅಸ್ತರಿನವರೆಗೆ ನೇರವಾಗಿ ಇಳಿದಿತ್ತು. ಆ ಗೆರೆಗಳಲ್ಲಿ ಗರಿಯೇ ಇರುವುದಿಲ್ಲ. ಗಾಳಿಯೂ ನೀರೂ ಒಳಗೆ ಬರಲು ಅದೇ ದಾರಿ. ಗರಿಯ ಜಾಕೆಟ್‌ಗಳನ್ನು ಅಲ್ಲಿಗೇ ಬಿಟ್ಟೆವು.

ಪಾಲಿಯೆಸ್ಟರ್ ನಾರು ತುಂಬಿದ ಜಾಕೆಟ್ ಅಷ್ಟು ಹಗುರವಲ್ಲ, ಮಡಿಚಿದರೆ ಅಷ್ಟು ಚಿಕ್ಕದೂ ಆಗುವುದಿಲ್ಲ. ಆದರೆ ಜವಳಿ ಕೆಲಸದಲ್ಲಿರುವ ಎಲ್ಲರೂ ಬಲ್ಲ ಲೆಕ್ಕವೊಂದಿದೆ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ. ಪಾಲಿಯೆಸ್ಟರ್ ಹೀರುವುದು ಶೇ 0.4ರಷ್ಟು ಮಾತ್ರ. ನೆನೆದರೂ ಅದರ ಎಳೆ ಕುಗ್ಗುವುದಿಲ್ಲ, ಹಿಂಡಿ ನೇತುಹಾಕಿದರೆ ಬೇಗ ಒಣಗುತ್ತದೆ. ಒಳಪದರಕ್ಕೆ ಅದನ್ನೇ ಗೊತ್ತು ಮಾಡಿದೆವು: ಟೋಪಿಯಿಲ್ಲದ, ತೆಳುವಾದ, ಸೊಂಟದವರೆಗಿನ ಜಾಕೆಟ್.

ಉಣ್ಣೆಯ ಮಾತು ಬೇರೆ. ಅದು ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ, ತನ್ನ ತೂಕದ ಶೇ 30ರ ಹತ್ತಿರದವರೆಗೆ. ಆದರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಎಳೆಯ ಹೊರಮೈ ಹನಿಯನ್ನು ದೂಡುತ್ತದೆ, ಒಳತಿರುಳು ಆವಿಯನ್ನು ಹೀರುತ್ತದೆ, ಹೀರುವಾಗ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ನಮ್ಮ ಕಡೆಯ ಕುರಿಗಾಹಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ದಖನಿ ಕುರಿಯ ಒರಟು ಉಣ್ಣೆಯಲ್ಲಿ ನೇಯ್ದ, ಹುಣಸೆ ಬೀಜದ ಗಂಜಿ ಕುಡಿದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಮಳೆಯಲ್ಲಿ ಹಿಂಡಿನ ನಡುವೆ ನಿಲ್ಲುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹೊರಗೆ ನೀರು ಇಳಿಯುತ್ತಿದ್ದರೂ ಒಳಗೆ ಬೆನ್ನು ಬೆಚ್ಚಗಿರುತ್ತದೆ. ಹಾಗಾದರೆ ಉಣ್ಣೆಯ ಉದ್ದ ಕೋಟನ್ನೇ ಏಕೆ ಕೊಳ್ಳಲಿಲ್ಲ ಎಂದರೆ, ಚೆನ್ನಾಗಿ ನೆಂದ ಉಣ್ಣೆಯ ಕೋಟು ಹೆಗಲಿಗೆ ಭಾರ, ಆರಲು ದಿನಗಟ್ಟಲೆ ಬೇಕು, ಮನೆಯಲ್ಲಿ ಒಗೆಯಲೂ ಆಗದು. ಬೆಳಿಗ್ಗೆ ನೆಂದದ್ದನ್ನು ಮರುದಿನ ಬೆಳಿಗ್ಗೆ ಮತ್ತೆ ತೊಡಬೇಕಾದವಳಿಗೆ ಅದು ಆಗಿಬರುವುದಿಲ್ಲ. ಉಣ್ಣೆಯನ್ನು ಮೈಗೆ ಹತ್ತಿರದ ಪದರಕ್ಕೆ ಇಟ್ಟುಕೊಂಡೆವು. ಎರಡು ತೆಳು ಸ್ವೆಟರ್, ಉಣ್ಣೆಯ ಕಾಲುಚೀಲ.

ಜೀನ್ಸ್ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳಿದೆ. ಜೀನ್ಸ್ ನಮ್ಮ ಊರಿನ ಅನ್ನ, ನನ್ನ ಕೈಯ ಕೆಲಸ. ತಂಗಿ ನಾಲ್ಕು ಜೀನ್ಸ್ ಪ್ಯಾಂಟುಗಳನ್ನು ಮಡಿಚಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಒಂದನ್ನು ಬಿಟ್ಟು ಉಳಿದವನ್ನು ನಾನೇ ಹೊರತೆಗೆದೆ. ಚದರ ಗಜಕ್ಕೆ 12-14 ಔನ್ಸ್ ತೂಗುವ ಡೆನಿಮ್, ಅಂದರೆ ಜೀನ್ಸಿನ ಬಟ್ಟೆ, ಒಮ್ಮೆ ನೆನೆದರೆ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ವಾಶಿಂಗ್ ಘಟಕದಲ್ಲಿ ಒದ್ದೆ ಪ್ಯಾಂಟುಗಳ ರಾಶಿಯನ್ನು ಎತ್ತಿದವರು ಬಲ್ಲರು. ಬಳ್ಳಾರಿಯ ಬಿಸಿಲಿಗೆ ಹರಡಿದರೆ ಅದೇ ಪ್ಯಾಂಟು ಬೇಗ ಗರಿಗರಿಯಾಗುತ್ತದೆ. ಡಬ್ಲಿನ್‌ನ ಜನವರಿಯಲ್ಲಿ ಅದು ತೊಡೆಗೆ ಅಂಟಿಕೊಂಡು ಇಡೀ ದಿನ ಶಾಖವನ್ನು ಹೀರುತ್ತದೆ.

ಹೊರಕೋಟಿಗೆ ಬಂದಾಗ ತಂಗಿಯ ಕಣ್ಣು ಗ್ಯಾಬರ್ಡೀನ್ ಬಟ್ಟೆಯ, ಸೊಂಟಕ್ಕೆ ಪಟ್ಟಿಯಿರುವ ಉದ್ದ ಕೋಟಿನ ಮೇಲಿತ್ತು. 1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬರಿ ರೂಪಿಸಿದ ನೇಯ್ಗೆ ಅದು. ಹತ್ತಿರದಿಂದ ನೋಡಿದರೆ ನಮ್ಮ ಡೆನಿಮ್‌ನಲ್ಲಿರುವ ಓರೆಗೆರೆಯೇ ಅದರಲ್ಲಿಯೂ ಇದೆ. ಎರಡೂ ಟ್ವಿಲ್ ನೇಯ್ಗೆ, ಗ್ಯಾಬರ್ಡೀನ್ ಹೆಚ್ಚು ನುಣುಪು, ಹೆಚ್ಚು ಬಿಗಿ. ಬಟ್ಟೆಯ ಮೇಲೆ ನನಗೆ ದೂರಿರಲಿಲ್ಲ. ಒಳಮಗ್ಗುಲು ತಿರುವಿದೆ. ಅಸ್ತರಿನ ಕೆಳಗೆ ಬೆರಳು ತೂರಿಸಿ ಭುಜದ ಹೊಲಿಗೆಯನ್ನು ಮುಟ್ಟಿದೆ. ಬರಿಯ ಹೊಲಿಗೆ.

ಮಳೆಕೋಟನ್ನು ಕೊಳ್ಳುವವರು ಬಟ್ಟೆಯನ್ನು ನೋಡುತ್ತಾರೆ, ನೀರು ಬರುವುದು ಹೊಲಿಗೆಯಿಂದ. ಸೂಜಿ ಇಳಿದಲ್ಲೆಲ್ಲ ಒಂದು ರಂಧ್ರ. ಇಂಚಿಗೆ 8 ಹೊಲಿಗೆ ಎಂದು ಹಿಡಿದರೂ 15 ಇಂಚಿನ ಒಂದು ಸಾಲಿನಲ್ಲಿ 120 ರಂಧ್ರಗಳು. ಎರಡು ಸೂಜಿಯ ಹೊಲಿಗೆಯಾದರೆ ಅದರ ಇಮ್ಮಡಿ. ದಾರವೂ ನೀರನ್ನು ಒಳಗೆ ಎಳೆದು ತರುತ್ತದೆ. ಅದಕ್ಕೆಂದೇ ಒಳ್ಳೆಯ ಮಳೆಕೋಟಿನ ಒಳಬದಿಯಲ್ಲಿ ಪ್ರತಿ ಹೊಲಿಗೆಯ ಮೇಲೂ ಬಿಸಿಯಿಂದ ಅಂಟಿಸಿದ ಪಟ್ಟಿ ಇರುತ್ತದೆ. ಕೆಲವು ಕೋಟುಗಳಲ್ಲಿ ಭುಜಕ್ಕೂ ಟೋಪಿಗೂ ಮಾತ್ರ ಪಟ್ಟಿ ಹಾಕಿ, ತೋಳು ಮತ್ತು ಮಗ್ಗುಲನ್ನು ಹಾಗೆಯೇ ಬಿಟ್ಟಿರುತ್ತಾರೆ. ನಾನು ಕೇಳಿದ್ದು ಎಲ್ಲ ಹೊಲಿಗೆಗೂ ಪಟ್ಟಿ ಇರುವ ಕೋಟು. ಪಟ್ಟಿಯ ಅಂಚನ್ನು ಉಗುರಿನಿಂದ ಕೆದಕಿ ನೋಡಿದೆ. ಕಂಕುಳಿನಲ್ಲಿ ನಾಲ್ಕು ಹೊಲಿಗೆಗಳು ಕೂಡುವ ಜಾಗವೇ ಪರೀಕ್ಷೆಯ ಜಾಗ. ಅಲ್ಲಿ ಪಟ್ಟಿ ಸುಕ್ಕಾಗಿದ್ದರೆ, ಗುಳ್ಳೆ ಎದ್ದಿದ್ದರೆ ಕೆಲವೇ ತಿಂಗಳಲ್ಲಿ ಅದು ಕಿತ್ತುಬರುತ್ತದೆ.

ಬಟ್ಟೆಯ ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. 10,000 ಮಿ.ಮೀ. ಎಂದರೆ 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡದವರೆಗೆ ಆ ಬಟ್ಟೆ ಸೋರದೆ ತಡೆಯುತ್ತದೆ ಎಂದು. ಮಳೆಹನಿಗೆ ಅಷ್ಟು ಒತ್ತಡವೆಲ್ಲಿದೆ ಎಂದು ತಂಗಿ ಕೇಳಿದಳು. ಹನಿಗೆ ಇಲ್ಲ, ಬೆನ್ನಚೀಲದ ಪಟ್ಟಿ ಹೆಗಲನ್ನು ಒತ್ತುವಲ್ಲಿ, ಒದ್ದೆ ಆಸನದ ಮೇಲೆ ಕೂರುವಲ್ಲಿ ಇದೆ. ಅದಕ್ಕಿಂತ ಕಡಿಮೆಯದನ್ನು ನಾನು ಒಪ್ಪಲಿಲ್ಲ. 20,000ದ್ದಕ್ಕೆ ಹೆಚ್ಚು ಹಣ ಕೊಡುವ ಅಗತ್ಯವೂ ಕಾಣಲಿಲ್ಲ. ಅವಳು ಬೆಟ್ಟ ಹತ್ತಲು ಹೋಗುತ್ತಿಲ್ಲ, ಬಸ್ಸು ಹಿಡಿದು ಆಸ್ಪತ್ರೆಗೆ ಹೋಗುತ್ತಾಳೆ.

ಬೆಂಗಳೂರಿನಲ್ಲಿ ಚಾರಣದ ಸಾಮಾನು ಮಾರುವ ಅಂಗಡಿಯಲ್ಲಿ ಕೊಂಡ ಕೋಟನ್ನು ಊರಿಗೆ ತಂದು ನಮ್ಮ ಸ್ನಾನದ ಮನೆಯಲ್ಲಿ ಪರೀಕ್ಷಿಸಿದೆ. ಬದಲಿಸಿಕೊಡುತ್ತೇವೆ ಎಂದು ಅಂಗಡಿಯವರು ಮೊದಲೇ ಒಪ್ಪಿದ್ದರು. ತಂಗಿಗೆ ತಿಳಿನೀಲಿ ಬಣ್ಣದ ಹಳೆಯ ಹತ್ತಿ ಕುರ್ತಾ ತೊಡಿಸಿದೆ. ಆ ಬಣ್ಣದ ಹತ್ತಿಯ ಮೇಲೆ ಒಂದು ಹನಿ ಬಿದ್ದರೂ ಕಪ್ಪಾಗಿ ಕಾಣುತ್ತದೆ. ಮೇಲೆ ಕೋಟು ಹಾಕಿ, ಟೋಪಿ ಎಳೆದು, ಜಿಪ್ಪನ್ನು ಗಲ್ಲದವರೆಗೆ ಏರಿಸಿ, ತಂಬಿಗೆಯಿಂದ ನೀರು ಹಾಕುತ್ತ ಹೋದೆ. ಮೊದಲು ಭುಜಕ್ಕೆ, ಆಮೇಲೆ ಜಿಪ್ಪಿನ ಉದ್ದಕ್ಕೆ, ಆಮೇಲೆ ಜೇಬಿನ ಬಾಯಿಗೆ. ಕೈ ಎತ್ತಿ ಬಸ್ಸಿನ ಕಂಬಿ ಹಿಡಿದಂತೆ ನಿಲ್ಲು ಎಂದೆ. ನೀರು ತೋಳಿನ ಮೇಲಿಂದ ಜಾರಿ ಕಂಕುಳಿನತ್ತ ಹರಿಯಿತು. ಕೋಟು ಬಿಚ್ಚಿ ನೋಡಿದರೆ ಕುರ್ತಾದ ಭುಜ, ಎದೆ, ಕಂಕುಳು ಎಲ್ಲ ಒಣಗಿಯೇ ಇದ್ದವು. ಎಡ ಮುಂಗೈಯಲ್ಲಿ ಮಾತ್ರ ಬೆರಳಗಲದ ಕಲೆ, ತೋಳಿನ ತುದಿಯ ಪಟ್ಟಿಯನ್ನು ಬಿಗಿಯದೆ ಬಿಟ್ಟಿದ್ದಳು. ಬಿಗಿದು ಮತ್ತೆ ಹಾಕಿದಾಗ ಅದೂ ನಿಂತಿತು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಟ್ಟೆ ಇಷ್ಟು ತೆಳ್ಳಗಿದೆಯಲ್ಲ ಎಂಬ ಅವರ ಚಿಂತೆ ಅಂದು ಕಡಿಮೆಯಾಯಿತು.

ಉದ್ದದ ಬಗ್ಗೆ ಒಂದು ಮಾತು. ಸೊಂಟಕ್ಕೆ ನಿಲ್ಲುವ ಕೋಟಿನ ಅಂಚಿನಿಂದ ಇಳಿದ ನೀರೆಲ್ಲ ತೊಡೆಯ ಮೇಲೆ ಸುರಿಯುತ್ತದೆ. ಮೊಣಕಾಲಿನವರೆಗಿನದು ನಡೆಯಲು ತೊಡಕು. ನಾವು ತೊಡೆಯ ಮಧ್ಯಕ್ಕೆ ಬರುವುದನ್ನು ಆರಿಸಿದೆವು. ಜಿಪ್ಪಿಗೆ ಎರಡು ರನ್ನರ್ ಇರುವುದರಿಂದ ಕೂರುವಾಗ ಕೆಳಗಿನಿಂದ ಒಂದು ಗೇಣು ತೆರೆಯಬಹುದು. ಟೋಪಿಯ ಮುಂದೆ ಗಟ್ಟಿ ಅಂಚಿರಬೇಕು, ಹಿಂದೆ ಬಿಗಿಯುವ ದಾರವಿರಬೇಕು, ತಲೆ ತಿರುಗಿಸಿದರೆ ಟೋಪಿಯೂ ತಿರುಗಬೇಕು. ಇಲ್ಲದಿದ್ದರೆ ರಸ್ತೆ ದಾಟುವಾಗ ಪಕ್ಕದ ವಾಹನ ಕಾಣುವುದಿಲ್ಲ. ಕೊಡೆಯ ಭರವಸೆ ಅಲ್ಲಿ ಬೇಡ, ಆ ಗಾಳಿಗೆ ಕೊಡೆ ಮಗುಚುತ್ತದೆ.

ಬೆವರನ್ನು ಮರೆಯಬಾರದು. ಹೊರಗೆ 7 ಡಿಗ್ರಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಹೀಟರ್. ಒಂದೇ ದಪ್ಪ ಕೋಟು ತೊಟ್ಟವಳು ಬಸ್ಸಿನಲ್ಲಿ ಬೆವತು, ಇಳಿದ ಮೇಲೆ ಆ ಬೆವರಿನಿಂದಲೇ ನಡುಗುತ್ತಾಳೆ. ಪದರ ಪದರವಾಗಿ ತೊಟ್ಟರೆ ಒಳಜಾಕೆಟನ್ನು ಬಿಚ್ಚಿ ಚೀಲಕ್ಕೆ ತುರುಕಬಹುದು. ಬಟ್ಟೆ ಉಸಿರಾಡುತ್ತದೆ ಎಂದು ಚೀಟಿಯಲ್ಲಿ ಬರೆದ ಅಂಕಿಗಿಂತ ಕಂಕುಳಿನಲ್ಲಿರುವ ಉದ್ದನೆಯ ಜಿಪ್ಪನ್ನು ನಾನು ಹೆಚ್ಚು ನಂಬಿದೆ. ಅಳತೆ ನೋಡುವಾಗ ಸ್ವೆಟರ್ ಮತ್ತು ಒಳಜಾಕೆಟ್ ಎರಡನ್ನೂ ತೊಡಿಸಿಯೇ ಹೊರಕೋಟು ಹಾಕಿಸಿದೆ, ಎರಡೂ ಕೈ ಮುಂದೆ ಚಾಚಿಸಿ ಬೆನ್ನು ಬಿಗಿಯುತ್ತದೆಯೇ ಎಂದು ನೋಡಿದೆ. ಒಳಗಿನ ಪದರ ಅಮುಕಿದರೆ ಅದರಲ್ಲಿನ ಗಾಳಿ ಹೋಯಿತು, ಬೆಚ್ಚಗೂ ಹೋಯಿತು. ಅವಳ ಮಾಮೂಲಿ ಅಳತೆಗಿಂತ ಒಂದು ದೊಡ್ಡದೇ ಸರಿಯಾಯಿತು.

ಬಣ್ಣದಲ್ಲಿ ಅವಳಿಗೆ ಕಪ್ಪು ಬೇಕಿತ್ತು. ನಾಲ್ಕಕ್ಕೆಲ್ಲ ಕತ್ತಲಾಗುವ ಊರಿನಲ್ಲಿ, ಮಳೆಯಲ್ಲಿ, ಕಪ್ಪು ಕೋಟಿನ ಹುಡುಗಿ ರಸ್ತೆ ದಾಟುವುದನ್ನು ನೆನೆದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಸಾಸಿವೆ ಹಳದಿಗೆ ಒಪ್ಪಿಸಿದೆ, ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ನಾನೇ ಹಚ್ಚಿದೆ. ಹೊಲಿಯಲಿಲ್ಲ, ಬಿಸಿಯಿಂದ ಅಂಟಿಸಿದೆ. ಹೊಲಿದರೆ ಮತ್ತೆ ರಂಧ್ರ.

ಒಟ್ಟು ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಕೋಟಿಗೇ ಹೋಯಿತು. ಸ್ವೆಟರ್‌ಗಳನ್ನು ಚಳಿಗಾಲದಲ್ಲಿ ಊರೂರಿಗೆ ಬಂದು ಮಾರುವ ಟಿಬೆಟಿಯನ್ನರ ಅಂಗಡಿಯಲ್ಲಿ ಕೊಂಡೆವು. ಅಲ್ಲಿ ಉಣ್ಣೆ ಯಾವುದು, ಅಕ್ರಿಲಿಕ್ ಯಾವುದು ಎಂದು ನೋಡಿ ಆರಿಸಬೇಕು. ಚೀಟಿಯಿಲ್ಲದಿದ್ದರೆ ಒಳ ಅಂಚಿನಿಂದ ಒಂದು ಎಳೆ ಕಿತ್ತು, ಹೊರಗೆ ತಂದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ಅಕ್ರಿಲಿಕ್ ಕರಗಿ ಗಟ್ಟಿ ಕರಿಗುಂಡು ಆಗುತ್ತದೆ. ಬೂಟುಗಳನ್ನು ಮಾತ್ರ ಅವಳು ಅಲ್ಲಿಗೆ ಹೋದ ಮೇಲೆ ಕೊಂಡಳು.

ಮೊದಲ ಚಳಿಗಾಲ ಮುಗಿಯುವ ಹೊತ್ತಿಗೆ, "ಅಕ್ಕಾ, ನೀರು ಈಗ ಹನಿಯಾಗಿ ಜಾರುತ್ತಿಲ್ಲ, ಬಟ್ಟೆಯ ಮೇಲೆಯೇ ಹರಡುತ್ತದೆ" ಎಂದು ಫೋನ್ ಮಾಡಿದಳು. ಒಳಗೆ ಸೋರುತ್ತಿದೆಯೇ ಎಂದು ಕೇಳಿದೆ. ಇಲ್ಲ, ಆದರೆ ಕೋಟು ತಣ್ಣಗೆ, ಭಾರವಾಗಿದೆ ಎಂದಳು. ನೀರನ್ನು ಹನಿಯಾಗಿ ಜಾರಿಸುವ ಹೊರಮೈಯ ಲೇಪ ಕೊಳೆಯಿಂದ, ಮೈಯೆಣ್ಣೆಯಿಂದ ಮಂಕಾದಾಗ ಹೀಗಾಗುತ್ತದೆ. ಮೃದುಕಾರಕ ಹಾಕದೆ ತಿಳಿ ಸೋಪಿನಲ್ಲಿ ಒಗೆದು, ಎರಡು ಸಲ ಜಾಲಿಸಿ, ಒಳಚೀಟಿಯಲ್ಲಿ ಡ್ರೈಯರ್ ಗುರುತಿದ್ದರೆ ಕಡಿಮೆ ಬಿಸಿಯಲ್ಲಿ ತಿರುಗಿಸು ಎಂದೆ. ಬಿಸಿ ತಾಗಿದರೆ ಲೇಪ ಮತ್ತೆ ಎದ್ದು ನಿಲ್ಲುತ್ತದೆ. ಹಾಗೆ ಮಾಡಿ, ತೋಳಿನ ಮೇಲೆ ನೀರು ಚಿಮುಕಿಸಿದ ವಿಡಿಯೊ ಕಳಿಸಿದಳು, ಹನಿಗಳು ಉರುಳಿ ಬೀಳುತ್ತಿದ್ದವು. ಇದೂ ಸಾಲದ ದಿನ ಬಂದರೆ ಲೇಪವನ್ನು ಹೊಸದಾಗಿ ಕೊಡುವ ದ್ರವ ಅಲ್ಲಿಯ ಅಂಗಡಿಗಳಲ್ಲೇ ಸಿಗುತ್ತದೆ. ಕಂಕುಳಿನ ಪಟ್ಟಿಯ ಅಂಚು ಎದ್ದಿದೆಯೇ ಎಂದು ಒಳಮಗ್ಗುಲು ತಿರುವಿ ಫೋಟೊ ಕಳಿಸಲು ಹೇಳಿದ್ದೇನೆ.