ಗಂಡ ಹೆಂಡತಿಗೆ ಒಂದೇ ಲೆಕ್ಕದ ಆಪ್: ನೆಚ್ಚುವ ಮೊದಲು ಐದು ಎಂಟ್ರಿ ಹಾಕಿ ನೋಡಿ

ನಮ್ಮ ಅಣ್ಣ ಹೋದ ದೀಪಾವಳಿ ಪಾಡ್ಯಕ್ಕೆ ಲೆಕ್ಕದ ಆಪ್ ಹಾಕಿಕೊಂಡ. ತನ್ನ ಫೋನಿಗೆ ಮಾತ್ರ. ದಿನಾ ರಾತ್ರಿ ಊಟ ಆದ ಮೇಲೆ ವೈನಿ ಖರ್ಚು ಹೇಳಬೇಕು, ಇವನು ಒತ್ತಿಕೊಳ್ಳಬೇಕು. ಹದಿನೈದನೇ ದಿನ ವೈನಿ, "ನಾನೇನು ನಿಮ್ಮ ಅಂಗಡಿ ಗುಮಾಸ್ತೆ ಏನ್ರಿ?" ಎಂದರು. ಆಪ್ ಅವತ್ತೇ ಹೋಯಿತು. ಬೆಳಗಾವಿಯಲ್ಲಿ ನನಗೆ ಗೊತ್ತಿರುವ ಇನ್ನೆರಡು ಮನೆಗಳಲ್ಲೂ ಹೀಗೇ ಆಯಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಫೋನ್ ಪಕ್ಕಕ್ಕಿಟ್ಟು ಏನೇನು ಬರೆಯಬೇಕು ಎಂದು ಮಾತಾಡಿಕೊಳ್ಳಿ. ಇಬ್ಬರಿಗೂ ತಿಂಗಳಿಗೆ ಇಷ್ಟು ಎಂದು ಲೆಕ್ಕ ಕೇಳದ ಸ್ವಂತ ದುಡ್ಡು ಇರಲೇಬೇಕು, ಇದರಲ್ಲಿ ನನ್ನದು ರಾಜಿ ಇಲ್ಲ. ಚಹಾ, ಗುಟ್ಕಾ, ಬ್ಯೂಟಿ ಪಾರ್ಲರ್ ಎಲ್ಲ ಅದರಲ್ಲೇ.

ಹೆಜ್ಜೆ 2: ಆಪ್‌ಗೆ ನಿಮ್ಮ ಖರ್ಚು ಹೇಗೆ ಗೊತ್ತಾಗುತ್ತದೆ ಎಂದು ನೋಡಿ. ಬ್ಯಾಂಕಿನ ಎಸ್ಸೆಮ್ಮೆಸ್ ಓದಿ ಖರ್ಚು ತಾವೇ ಬರೆದುಕೊಳ್ಳುವ ಆಪ್‌ಗಳು ಕೇಳಲು ಚಂದ, ಆದರೆ ಐಫೋನ್‌ನಲ್ಲಿ ಯಾವ ಆಪ್‌ಗೂ ಎಸ್ಸೆಮ್ಮೆಸ್ ಓದಲು ಬಿಡುವುದಿಲ್ಲ. ಒಬ್ಬರದು ಐಫೋನ್ ಆದರೆ ಅರ್ಧ ಸಂಸಾರದ ಲೆಕ್ಕವೇ ಇಲ್ಲ. ಇನ್ನು ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 100 ರೂಪಾಯಿಗಿಂತ ಕಡಿಮೆ ಯುಪಿಐ ಪಾವತಿಗೆ ಎಸ್ಸೆಮ್ಮೆಸ್ ಕಳಿಸುವುದನ್ನು ನಿಲ್ಲಿಸಿದೆ, ಅಂದರೆ ಕೊತ್ತಂಬರಿ, ಚಹಾ, ರಿಕ್ಷಾ ಯಾವುದೂ ಇಂಥ ಆಪ್‌ಗೆ ಕಾಣುವುದಿಲ್ಲ. ಇನ್ನೊಂದು ದಾರಿ ಅಕೌಂಟ್ ಅಗ್ರಿಗೇಟರ್. ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಈ ಕಂಪನಿಗಳ ಮೂಲಕ, ನೀವು ಒಪ್ಪಿಗೆ ಕೊಟ್ಟರೆ ಮಾತ್ರ, ಖಾತೆಯ ವಿವರ ಆಪ್‌ಗೆ ಹೋಗುತ್ತದೆ. ಬೇಡವಾದಾಗ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೋ ಯುಪಿಐ ಪಿನ್ನನ್ನೋ ನೇರ ಕೇಳುವ ಆಪ್ ಇದ್ದರೆ ಆ ಕ್ಷಣವೇ ತೆಗೆದುಹಾಕಿ. ನಾನಂತೂ ಕೈಯಿಂದ ಬರೆಯುವ ಆಪ್‌ನ ಪಕ್ಷ. ಬೇಜಾರಿನ ಕೆಲಸ ನಿಜ, ಆದರೆ ನಮ್ಮ ಕಡೆ ನಗದು ಇನ್ನೂ ಜಾಸ್ತಿ ಓಡಾಡುತ್ತದೆ, ಅದನ್ನು ಯಾವ ಎಸ್ಸೆಮ್ಮೆಸ್ಸೂ ಹೇಳುವುದಿಲ್ಲ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ಬಣ್ಣದ ಚಕ್ರ, ಗ್ರಾಫು ನೋಡಿ ಆಪ್ ಆರಿಸಬೇಡಿ. ಎರಡು ಆಪ್ ಹಾಕಿಕೊಳ್ಳಿ, ಎರಡನ್ನೂ ಇಬ್ಬರ ಫೋನಿಗೂ, ಮತ್ತು ಭಾನುವಾರ ಮಧ್ಯಾಹ್ನ ಪಕ್ಕಪಕ್ಕ ಕೂತು ಈ ಐದು ಎಂಟ್ರಿ ಹಾಕಿ.

ಒಂದು, 20 ರೂಪಾಯಿಯ ಚಹಾ. ಎಷ್ಟು ಸಲ ಒತ್ತಬೇಕಾಯಿತು ಎಣಿಸಿ. ನಾಲ್ಕಕ್ಕಿಂತ ಜಾಸ್ತಿ ಆದರೆ ವಾರದೊಳಗೆ ಬರೆಯುವುದು ಬಿಡುತ್ತೀರಿ.

ಎರಡು, ಗಂಡನ ಖಾತೆಯಿಂದ ಹೆಂಡತಿಗೆ 5,000 ಕಳಿಸಿದ್ದು. ಅವರು ಅದರಲ್ಲಿ ರವಿವಾರ ಪೇಟೆಯಲ್ಲಿ 3,200ರ ಕಿರಾಣಿ ತಂದರು ಎನ್ನಿ. ಮನೆಯ ಖರ್ಚು 3,200 ಮಾತ್ರ, ಅಲ್ವಾ? ಆಪ್ 8,200 ತೋರಿಸಿದರೆ ಅದಕ್ಕೆ ಗಂಡ ಹೆಂಡತಿ ಅಂದರೆ ಏನೆಂದೇ ಗೊತ್ತಿಲ್ಲ. ಖರ್ಚು, ಆದಾಯ ಬಿಟ್ಟು ಟ್ರಾನ್ಸ್‌ಫರ್ ಎಂಬ ಮೂರನೇ ಬಗೆ ಇರಬೇಕು. ನಮ್ಮ ಅಣ್ಣನ ಆಪ್‌ನಲ್ಲಿ ಅದು ಇರಲಿಲ್ಲ. ಆ ತಿಂಗಳು ಸಂಬಳಕ್ಕಿಂತ ಖರ್ಚು ಜಾಸ್ತಿ ಎಂದು ತೋರಿಸಿ ಮನೆಯಲ್ಲಿ ಎರಡು ದಿನ ಮಾತಿಲ್ಲ.

ಮೂರು, ಎಟಿಎಂನಿಂದ ತೆಗೆದ 2,000. ಇದೂ ಖರ್ಚಲ್ಲ, ದುಡ್ಡು ಬ್ಯಾಂಕಿನಿಂದ ಕಿಸೆಗೆ ಬಂತು ಅಷ್ಟೇ. ನಗದಿಗೂ ಒಂದು ಖಾತೆ ಮಾಡಲು ಬರಬೇಕು.

ನಾಲ್ಕು, ಕ್ರೆಡಿಟ್ ಕಾರ್ಡಿನಲ್ಲಿ 1,500ರ ಪೆಟ್ರೋಲ್, ಮುಂದಿನ ತಿಂಗಳು ಅದೇ 1,500ರ ಬಿಲ್ ಪಾವತಿ. ಎರಡು ಸಲ ಎಣಿಸಿದರೆ ಆಪ್ ಫೇಲ್.

ಐದು, ಪಿಗ್ಮಿ (ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಠೇವಣಿ) ಮತ್ತು ಭಿಶಿ (ಗೆಳೆಯರು, ನೆರೆಯವರು ಸೇರಿ ನಡೆಸುವ ಚೀಟಿ). ಹೊರಗಿನವರು ಮಾಡಿದ ಆಪ್‌ಗಳಿಗೆ ಇದು ತಲೆಗೇ ಹೋಗುವುದಿಲ್ಲ. ಹನ್ನೆರಡು ಜನರ ಭಿಶಿ, ತಿಂಗಳಿಗೆ 2,000, ನಿಮ್ಮ ಪಾಳಿ ಬಂದಾಗ 24,000. ಕಟ್ಟಿದ್ದನ್ನು ಖರ್ಚು, ಬಂದದ್ದನ್ನು ಆದಾಯ ಎಂದು ಬರೆದರೆ ಪ್ರತಿ ತಿಂಗಳೂ ಬಡವರು, ಒಂದು ತಿಂಗಳು ಮಾತ್ರ ಸಾಹುಕಾರರು. ಅದಕ್ಕೆ ಭಿಶಿ ಎಂದೇ ಒಂದು ಖಾತೆ ತೆರೆದು ಅದಕ್ಕೆ ಟ್ರಾನ್ಸ್‌ಫರ್ ಮಾಡಿ. ಪಾಳಿ ಮೊದಲೇ ಬಂದರೆ ಆ ಖಾತೆ ಮೈನಸ್‌ಗೆ ಹೋಗುತ್ತದೆ, ಹೋಗಲಿ, ಅದು ನೀವು ಇನ್ನೂ ಕಟ್ಟಬೇಕಾದ ದುಡ್ಡು. ಮೈನಸ್ ಒಪ್ಪದ ಆಪ್‌ಗಳೂ ಇವೆ, ನೋಡಿಕೊಳ್ಳಿ. ಪಿಗ್ಮಿಗೂ ಇದೇ ಉಪಾಯ.

ಐದೂ ಆದ ಮೇಲೆ ಒಬ್ಬರು ಹಾಕಿದ್ದು ಇನ್ನೊಬ್ಬರ ಫೋನಿನಲ್ಲಿ ಬಂತಾ, ಅವರಿಗೆ ತಿದ್ದಲು ಬಂತಾ ನೋಡಿ. ಒಂದೇ ಲಾಗಿನ್ ಇಬ್ಬರೂ ಹಂಚಿಕೊಳ್ಳುವ ಅಡ್ಡದಾರಿ ಬೇಡ. ಯಾರು ಬರೆದರು ಎಂದೇ ತಿಳಿಯುವುದಿಲ್ಲ, ಓಟಿಪಿ ಒಂದೇ ಫೋನಿಗೆ ಹೋಗುತ್ತದೆ.

ಹೆಜ್ಜೆ 4: ವರ್ಷಕ್ಕೊಮ್ಮೆ ಬರುವ ಖರ್ಚು. ಸುಗ್ಗಿಯಲ್ಲಿ ವರ್ಷದ ಜೋಳ ತುಂಬುವವರಿಗೆ 6,000 ಒಂದೇ ದಿನ ಹೋಗುತ್ತದೆ. ಪಂಚಮಿಗೆ ತವರು, ಮದುವೆ ಸೀಸನ್ನಿನ ಆಯೇರಿಯೂ ಹಾಗೇ. ತಿಂಗಳಿಗೆ 500 ಜೋಳಕ್ಕೆಂದು ತೆಗೆದಿಟ್ಟರೆ ಆಪ್ ಅದನ್ನು ಮುಂದಿನ ತಿಂಗಳಿಗೆ ಒಯ್ಯಬೇಕು, ಒಂದನೇ ತಾರೀಖು ಸೊನ್ನೆ ಮಾಡಬಾರದು. ಗುಡ್‌ಬಜೆಟ್‌ನಂಥ ಲಕೋಟೆ ಲೆಕ್ಕದ ಆಪ್‌ಗಳು ಇದಕ್ಕೆ ಒಳ್ಳೆಯವು, ಅಜ್ಜಿ ಡಬ್ಬಿಗಳಲ್ಲಿ ಬೇರೆ ಬೇರೆ ದುಡ್ಡು ಇಡುತ್ತಿದ್ದ ಹಾಗೆ. ವೈನ್ಯಾಬ್ (YNAB) ಎಂಬ ಆಪ್ ಇನ್ನೂ ಪಕ್ಕಾ, ಆದರೆ ವರ್ಷಕ್ಕೆ 109 ಡಾಲರ್. ದುಡ್ಡು ಉಳಿಸಲು ಅಷ್ಟು ದುಡ್ಡು ಕೊಡುವ ಮನಸ್ಸು ನನಗಿಲ್ಲ.

ಪುಕ್ಕಟೆ ಆಪ್ ತೆರೆದ ಕೂಡಲೇ "ನಿಮಗೆ ಎರಡು ಲಕ್ಷ ಸಾಲ ಮಂಜೂರಾಗಿದೆ" ಎಂದರೆ ಅದು ಲೆಕ್ಕದ ಆಪ್ ಅಲ್ಲ, ಸಾಲದ ಅಂಗಡಿ.

ಹೆಜ್ಜೆ 5: ಲೆಕ್ಕ ಹೊರಗೆ ತೆಗೆಯಲು ಬರುತ್ತದಾ ನೋಡಿ. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ಮಿಂಟ್ ಎಂಬ ಲೆಕ್ಕದ ಆಪ್ 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ನಿಮ್ಮದೂ ಹಾಕಬಹುದು. ಕನ್ನಡದಲ್ಲಿ ಹೆಸರು ಬರೆದಿದ್ದರೆ ತೆಗೆದ ಫೈಲನ್ನು ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ, ಎಕ್ಸೆಲ್‌ನಲ್ಲಿ ನೇರ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿ ಆಗುವುದುಂಟು.

ಕೊನೆಗೆ, ಸೋತ ಆಪನ್ನು ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಬೇಡಿ. ಹಾಗೆ ಮಾಡಿದರೆ ಫೋನಿನಿಂದ ಹೋಗುತ್ತದೆ, ಆಪ್ ಕಂಪನಿಯ ಕಡೆ ನಿಮ್ಮ ಲೆಕ್ಕ ಉಳಿಯುತ್ತದೆ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಅಗ್ರಿಗೇಟರ್ ಒಪ್ಪಿಗೆ ಕೊಟ್ಟಿದ್ದರೆ ರದ್ದು ಮಾಡಿ, ಆಮೇಲೆ ತೆಗೆಯಿರಿ. ಇಬ್ಬರ ಫೋನಿನಿಂದಲೂ.