ಆಟಿಯ ತೇವದಲ್ಲಿ ಒಸ್ತಿ

"ಮಳೆಗಾಲದಲ್ಲಿ ಹಪ್ಪಳವೇ ನಿಲ್ಲುವುದಿಲ್ಲ, ಇನ್ನು ಒಸ್ತಿ ಉಂಟಾ ಮಾರಾಯ್ರೆ?" ಎಂದು, ಪರಮಪ್ರಸಾದವಾಗಿ ಹಂಚುವ ಈ ತೆಳು ಗೋಧಿ ರೊಟ್ಟಿಯನ್ನು ಚರ್ಚಿನಲ್ಲೇ ಮಾಡಲು ಹೊರಟ ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಮಂಗಳೂರಿನ ಎರಡು ಮಳೆಗಾಲ ದಾಟಿಯಾಯಿತು. ಈ ಸಲ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬದ, ಬಲಿಪೂಜೆಗೆ ಬೇಕಾದ ಎರಡು ಸಾವಿರ ಚಿಲ್ಲರೆ ಒಸ್ತಿಯೂ ಚರ್ಚಿನ ಹಿಂದಿನ ಕೋಣೆಯಿಂದಲೇ ಹೋಯಿತು. ಒಂದೂ ಮುದುಡಿರಲಿಲ್ಲ.

ಹಿಟ್ಟಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ಕಿಲೋ ಮೈದಾಕ್ಕೆ ಒಂದೂಕಾಲು ಲೀಟರಿನಿಂದ ಒಂದೂವರೆ ಲೀಟರ್ ತಣ್ಣೀರು. ಉಪ್ಪಿಲ್ಲ, ಎಣ್ಣೆಯಿಲ್ಲ. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆಯದಕ್ಕಿಂತ ತೆಳು. ಬೆಚ್ಚಗಿನ ನೀರು ಹಾಕಿ ಜೋರಾಗಿ ಕಡೆದರೆ ಗೋಧಿಯ ಅಂಟು ನೂಲುನೂಲಾಗಿ, ಬೇಯಿಸಿದ ಹಾಳೆ ತುಂಬ ತೂತು. ಸೋಸಿ ಕಾಲು ಗಂಟೆ ಬಿಟ್ಟರೆ ಸಾಕು. ಮರೆತು ಮಧ್ಯಾಹ್ನದವರೆಗೆ ಇಟ್ಟರೆ ನಮ್ಮ ಸೆಕೆಗೆ ಹುಳಿ ಬರುತ್ತದೆ. ಹುಳಿ ಬಂದದ್ದು ಬಲಿಪೀಠಕ್ಕಿಲ್ಲ. ಚಪಾತಿ ಹಿಟ್ಟಿನಲ್ಲೂ ಮಾಡಿ ನೋಡಿದ್ದಾಯಿತು: ತೌಡು ಕರಟಿ ಒಸ್ತಿಯ ಮೇಲೆಲ್ಲ ಕಂದು ಚುಕ್ಕಿ.

ಗರಿಗರಿ ಬರಲೆಂದು ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿದ್ದೂ ಉಂಟು. ಹಾಳೆ ಬಹಳ ಚಂದ ಬಂತು, ಆದರೆ ಅದು ಸಂಜೆಯ ಚಾಕ್ಕೆ ಹೋಯಿತು. ಚರ್ಚಿನ ಕಾನೂನಿನ ಕ್ಯಾನನ್ 924ರ ಪ್ರಕಾರ ರೊಟ್ಟಿ ಬರೀ ಗೋಧಿಯದ್ದಾಗಿರಬೇಕು, ಇತ್ತೀಚೆಗೆ ಮಾಡಿದ್ದಾಗಿರಬೇಕು. ಮೊಂತಿ ಫೆಸ್ತಿಗೆ ಹೊಸ ತೆನೆ ಆಶೀರ್ವದಿಸಿಕೊಂಡು ಮನೆಯಲ್ಲಿ ಹೊಸಕ್ಕಿ ಊಟ ಮಾಡಿ ದೇವರಿಗೆ ಕೃತಜ್ಞತೆ ಹೇಳುವ ಊರು ನಮ್ಮದು. ಆದರೂ ಬಲಿಪೀಠದ ಮೇಲೆ ಅಕ್ಕಿ ನಡೆಯುವುದಿಲ್ಲ. ಗ್ಲುಟನ್ ಒಗ್ಗದವರಿಗೂ ಅಂಟು ಕಡಿಮೆ ಮಾಡಿದ ಗೋಧಿ ಆಗುತ್ತದೆ, ಅಂಟು ಪೂರ್ತಿ ತೆಗೆದದ್ದು ಆಗುವುದಿಲ್ಲ ಎಂದು 2017ರಲ್ಲಿ ರೋಮ್ ಮತ್ತೊಮ್ಮೆ ಹೇಳಿದೆ. ಅಂಟು ಕಡಿಮೆಯದ್ದನ್ನು ನಾವು ಮಾಡುವುದಿಲ್ಲ, ತರಿಸುತ್ತೇವೆ.

ಹಿಟ್ಟು ಹೊಯ್ದು ಜೋಡಿ ಕಾವಲಿ ಮುಚ್ಚಿದ ಕೂಡಲೇ ಹಬೆ ಸುಯ್ಯೆನ್ನುತ್ತದೆ. ಆ ಸದ್ದು ನಿಂತ ಮೇಲೆ ಹತ್ತು ಎಣಿಸಿ ತೆರೆಯಬೇಕು. ಮೊದಲೇ ತೆರೆದರೆ ಹಾಳೆ ಎರಡಾಗಿ ಸೀಳಿ ಅರ್ಧ ಮೇಲೆ, ಅರ್ಧ ಕೆಳಗೆ ಅಂಟುತ್ತದೆ. ಅಂಟದಿರಲು ಜೇನುಮೇಣವನ್ನು ಬಟ್ಟೆಗೆ ತಾಗಿಸಿ ಒರೆಸುತ್ತೇವೆ, ಮತ್ತೆ ಒಣಬಟ್ಟೆಯಲ್ಲಿ ಒರೆಸಿ ತೆಗೆಯುತ್ತೇವೆ. ಹೊಸ ಕಾವಲಿಯನ್ನು ಮೊದಲ ವಾರ ಹೇಗೆ ಪಳಗಿಸಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹದಿನೈದು ಕಿಲೋ ಮೈದಾ ಹಾಳುಮಾಡಿ ಕಲಿತದ್ದು ಅದು.

ಹೆಚ್ಚು ಸೋತದ್ದು ಇದರ ಮುಂದಿನ ಹಂತದಲ್ಲಿ. ಕಾವಲಿಯಿಂದ ಇಳಿದ ಹಾಳೆ ಗಾಜಿನ ಹಾಗೆ. ಹಾಗೇ ಕತ್ತರಿಸಿದರೆ ಅಂಚು ಪುಡಿಪುಡಿ. ಆದ್ದರಿಂದ ಎಲ್ಲೆಡೆ ಹಾಳೆಗೆ ತೇವ ಕುಡಿಸಿಯೇ ಕತ್ತರಿಸುತ್ತಾರೆ. ಫೆಬ್ರವರಿಯಲ್ಲಿ ನಾವೂ ಕಪಾಟಿನೊಳಗೆ ಒದ್ದೆ ಬಟ್ಟೆ ತೂಗಿಸಿ ರಾತ್ರಿಯಿಡೀ ಇಡುತ್ತೇವೆ. ಜೋರು ಮಳೆಯ ಆಟಿ ತಿಂಗಳಲ್ಲೂ ಹಾಗೇ ಮಾಡಿದ್ದು ತಪ್ಪಾಯಿತು: ಬೆಳಿಗ್ಗೆ ಹಾಳೆ ಒದ್ದೆ ಕಾಗದದಂತೆ ಜೋತುಬಿದ್ದು ಕತ್ತರಿಸುವ ಅಚ್ಚಿನ ಬಾಯಿಗೆ ಕಚ್ಚಿತು, ಮೂರನೇ ದಿನ ಬೂಸ್ಟು. ಆಟಿಯಲ್ಲಿ ಕಪಾಟೂ ಬೇಡ, ಒದ್ದೆ ಬಟ್ಟೆಯೂ ಬೇಡ. ಬಿದಿರಿನ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ತೆಳು ಬಟ್ಟೆ ಮುಚ್ಚಿ, ಮೂರು ಗಂಟೆ ಕೋಣೆಯ ಗಾಳಿಗೆ ಬಿಡಿ. ಬೆರಳಿನಲ್ಲಿ ಬಗ್ಗಿಸಿದರೆ ಬಗ್ಗಬೇಕು, ಇನ್ನೂ ಸ್ವಲ್ಪ ಬಗ್ಗಿಸಿದರೆ ಮುರಿಯಬೇಕು. ಅದೇ ಹದ. ಬೇರೆಯವರು ದುಡ್ಡು ಕೊಟ್ಟು ತರಿಸುವ ತೇವ ನಮಗೆ ಪುಕ್ಕಟೆ.

ಕತ್ತರಿಸಿದ ಮೇಲೆ ಮಾತ್ರ ತೇವ ವೈರಿ. ಮರದ ಪೆಟ್ಟಿಗೆ, ಸ್ಟೀಲ್ ಜಾಲರಿ, ಅಡಿಯಲ್ಲಿ 60 ವ್ಯಾಟಿನ ಎರಡು ಹಳೇ ತಂತಿ ಬಲ್ಬು. ಎಲ್‌ಇಡಿ ಹಾಕಿ ಎರಡು ದಿನ ಕಾದವರೂ ನಾವೇ. ಅದರಲ್ಲಿ ಬೆಳಕುಂಟು, ಬಿಸಿಯಿಲ್ಲ! ಸುಮಾರು 40 ಡಿಗ್ರಿಯಲ್ಲಿ ನಾಲ್ಕು ಗಂಟೆ. 50 ದಾಟಿದರೆ ಒಸ್ತಿ ದೋಣಿಯ ಆಕಾರಕ್ಕೆ ತಿರುಗುತ್ತದೆ. ಬಲ್ಬು ಆರಿಸಿ ಪೆಟ್ಟಿಗೆಯೊಳಗೇ ತಣಿಸಿ, ಜರಡಿಯಲ್ಲಿ ಪುಡಿ ಉದುರಿಸಿ, ನೇರ ಡಬ್ಬಿಗೆ. ಪುಡಿಯ ವಿಷಯದಲ್ಲಿ ಉದಾಸೀನ ಬೇಡ. ಪೂಜೆಯಲ್ಲಿ ಪವಿತ್ರೀಕರಣವಾದ ಮೇಲೆ ಒಸ್ತಿಯ ಒಂದು ಚೂರನ್ನೂ ಕೊಡವಿಬಿಡುವಂತಿಲ್ಲ. ಫಾದರ್ ಮುರಿಯುವ 70 ಮಿಲಿಮೀಟರಿನ ದೊಡ್ಡ ಒಸ್ತಿಯನ್ನು ಇನ್ನೂ ಒಂದು ಗಂಟೆ ಹೆಚ್ಚು ಒಣಗಿಸುತ್ತೇವೆ. ಅದು ಹರಿಯಬಾರದು, ಟಕ್ಕೆಂದು ಮುರಿಯಬೇಕು. ಡಬ್ಬಿಯ ತಳದಲ್ಲಿ ಹುರಿದ ಕುಚ್ಚಲಕ್ಕಿಯ ಗಂಟು ಇಡುತ್ತೇವೆ. ಒಸ್ತಿಯೊಳಗೆ ಜಾಗ ಸಿಗದ ಅಕ್ಕಿಗೆ ಡಬ್ಬಿಯೊಳಗೆ ಸಿಕ್ಕಿತು.

ಎಷ್ಟು ಮಾಡಬೇಕು ಎಂಬುದಕ್ಕೆ ವಾರ್ಡಿನ ಮುಖಂಡರಾದ ಗುರ್ಕಾರರ ಕುಟುಂಬ ಪಟ್ಟಿ ನಂಬಿ ಎರಡು ಸಲ ಕಡಿಮೆಬಿತ್ತು. ಈಗ ನೋಡುವುದು ಪಾಪನಿವೇದನೆಯ ಸಾಲನ್ನು. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹೊರಗಿನ ಫಾದರ್‌ಗಳು ಬಂದು ಕುಮ್ಸಾರ್ ಕೇಳಿದ ವಾರ, ವರ್ಷಗಟ್ಟಲೆ ಬೆಂಚಿನಿಂದ ಏಳದವರೂ ಪಾಪ ಒಪ್ಪಿಕೊಂಡು ಹಗುರಾಗಿ ಭಾನುವಾರ ಪರಮಪ್ರಸಾದಕ್ಕೆ ಎದ್ದು ಬರುತ್ತಾರೆ. ಮಾಮೂಲಿಗೆ ಅರ್ಧ ಸೇರಿಸಿ ಮಾಡಿ. ಪವಿತ್ರ ಗುರುವಾರಕ್ಕಂತೂ ಎರಡು ದಿನದ್ದು ಬೇಕು, ಏಕೆಂದರೆ ಶುಭ ಶುಕ್ರವಾರ ಬಲಿಪೂಜೆಯಿಲ್ಲ. ಅಂದು ಹಂಚುವುದು ಹಿಂದಿನ ಸಂಜೆಯದ್ದು.

ದುಡ್ಡಿನ ಲೆಕ್ಕ ನೆನಪಿನಿಂದ: ಕಾವಲಿ, ಅಚ್ಚು, ಪೆಟ್ಟಿಗೆ ಸೇರಿ ನಲವತ್ತು ಸಾವಿರದ ಹತ್ತಿರ. ಹೊರಗಿನಿಂದ ತರಿಸುವಾಗ ಸಾವಿರ ಒಸ್ತಿಗೆ ಮುನ್ನೂರು ರೂಪಾಯಿ ಬೀಳುತ್ತಿತ್ತು. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಒಸ್ತಿ ಬೇಕು. ಕಿಲೋ ಮೈದಾಕ್ಕೆ ಎರಡೂವರೆ ಸಾವಿರ ಒಸ್ತಿ ಬರುತ್ತದೆ, ಮೇಲೆ ಕರೆಂಟು. ಹಾಳಾದದ್ದನ್ನೂ ಸೇರಿಸಿದರೆ ಒಂದೂವರೆ ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ದುಡಿಮೆಯ ಕೂಲಿ ಬರೆದಿಲ್ಲ, ಅದು ಕಾಣಿಕೆಗೆ ಸೇರಿದ್ದು.

ಕತ್ತರಿಸಿ ಉಳಿದ ಅಂಚು ಹಾಳೆಯ ಕಾಲು ಭಾಗಕ್ಕೂ ಜಾಸ್ತಿ. ಅದು ಇನ್ನೂ ಬರೀ ರೊಟ್ಟಿಯೇ, ತಿನ್ನಲು ಅಡ್ಡಿಯಿಲ್ಲ. ಶನಿವಾರ ಅಚ್ಚಿನ ಸದ್ದು ಕೇಳಿದರೆ ಸಾಕು, ಧರ್ಮಬೋಧನೆಯ ಮಕ್ಕಳು ಕಿಟಕಿಗೆ ಕೈ ಹಾಕಿರುತ್ತಾರೆ.