ಎರಡು ಹಲಗೆಯೋ, ಒಂದೇ ಹಲಗೆಯೋ? ಗುಲ್ಮಾರ್ಗ್‌ಗೆ ಹೊರಡುವ ಮುನ್ನ ಒಂದು ಲೆಕ್ಕಾಚಾರ

ಜನವರಿ ಬಂತೆಂದರೆ ಬೆಂಗಳೂರಿನ ಆಫೀಸುಗಳಿಗೆ ಗುಲ್ಮಾರ್ಗ್ ಜ್ವರ. ವಿಮಾನದ ಟಿಕೆಟ್, ಹೋಟೆಲ್, ಥರ್ಮಲ್ ಬನಿಯನ್ ಎಲ್ಲ ಮುಗಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಹಿಮದಲ್ಲಿ ಜಾರಲು ಕಾಲಿಗೊಂದರಂತೆ ಎರಡು ಹಲಗೆಯ ಸ್ಕೀ ತಗೊಳ್ಳೋದಾ, ಎರಡೂ ಕಾಲಿಗೆ ಒಂದೇ ಹಲಗೆಯ ಸ್ನೋಬೋರ್ಡಾ? ಯಾರೋ ಒಬ್ಬರು ‘ಬೋರ್ಡ್ ಮಸ್ತಾಗಿ ಕಾಣತ್ತೆ’ ಅಂತಾರೆ, ಅಲ್ಲಿಗೆ ತೀರ್ಮಾನ ಆಗಿಹೋಗುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ನಾನು ಸ್ಕೀ ಹಿಡಿದೆ, ತಮ್ಮ ಬೋರ್ಡ್ ಹಿಡಿದ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನಾನು ಕಿರುಚಿಕೊಂಡಾದರೂ ನಿಂತೇ ಇಳಿಯುತ್ತಿದ್ದೆ. ಅವನು ಎರಡೂ ಕಾಲು ಹಲಗೆಗೆ ಬಿಗಿದುಕೊಂಡು, ಮಗುಚಿ ಬಿದ್ದ ಆಮೆಯ ಹಾಗೆ ಆಕಾಶ ನೋಡುತ್ತಿದ್ದ. ಯಾವುದು ಚೆನ್ನ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಎಷ್ಟು ದಿನ ಇದೆ, ದೇಹದ ಯಾವ ಭಾಗಕ್ಕೆ ಪೆಟ್ಟು ತಿನ್ನಿಸಲು ತಯಾರಿದ್ದೀರಿ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ಮೊದಲು ದಿನ ಎಣಿಸಿ

ಪ್ರವಾಸದ ದಿನಗಳನ್ನಲ್ಲ, ಹಿಮದ ಮೇಲೆ ನಿಲ್ಲುವ ದಿನಗಳನ್ನು. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿಲೋಮೀಟರ್. ಆದರೆ ಹಿಮ ಬಿದ್ದ ದಿನ ತಂಗ್‌ಮಾರ್ಗ್‌ನಲ್ಲಿ ಇಳಿದು ಚಕ್ರಕ್ಕೆ ಸರಪಳಿ ಕಟ್ಟಿದ ಜೀಪಿಗೆ ಹತ್ತಬೇಕಾಗುತ್ತದೆ. ಹೋಗುವ ದಿನ, ಬರುವ ದಿನ ಕಳೆಯಿರಿ. ಗೊಂಡೋಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರು, ನೋಡಲು ಒಂದು ದಿನ, ಮೋಡ ಕವಿದು ಏನೂ ಕಾಣದ ಒಂದು ದಿನ ಕಳೆಯಿರಿ. ಐದು ದಿನದ ಪ್ಯಾಕೇಜಿನಲ್ಲಿ ಉಳಿಯುವುದು ಒಂದೇ ದಿನ, ಅದೃಷ್ಟ ಇದ್ದರೆ ಎರಡು.

ಮೂರು ದಿನಕ್ಕಿಂತ ಕಡಿಮೆ ಇದ್ದರೆ ಕಣ್ಣು ಮುಚ್ಚಿಕೊಂಡು ಸ್ಕೀ ತೆಗೆದುಕೊಳ್ಳಿ. ಐದು, ಆರು ದಿನ ಇದ್ದು, ಮೊದಲೆರಡು ದಿನ ಬರೀ ಬೀಳುವುದಕ್ಕೆ ಮನಸ್ಸು ಒಪ್ಪಿದ್ದರೆ ಬೋರ್ಡ್ ಯೋಚಿಸಿ. ‘ಸ್ಕೀ ಕಲಿಯೋದು ಸುಲಭ, ಪಳಗೋದು ಕಷ್ಟ, ಬೋರ್ಡ್ ಕಲಿಯೋದು ಕಷ್ಟ, ಪಳಗೋದು ಸುಲಭ’ ಎಂದು ಇಳಿಜಾರಿನ ಜನ ಹೇಳುವುದುಂಟು. ಬಹುಪಾಲು ನಿಜವೇ.

ಕಾರಣ ದೇಹದಲ್ಲೇ ಇದೆ. ಸ್ಕೀಯಲ್ಲಿ ಮುಖ ಇಳಿಜಾರಿನ ಕಡೆಗೆ, ಕಾಲು ಎರಡೂ ಬೇರೆ ಬೇರೆ, ಕೈಯಲ್ಲಿ ಎರಡು ಕೋಲು. ನಡೆಯುವಾಗ ನಾವು ಇರುವುದೂ ಹೀಗೆಯೇ. ಒಂದು ಕಾಲು ತಪ್ಪಿದರೆ ಇನ್ನೊಂದು ಕಾಲು ಕಾಪಾಡುತ್ತದೆ. ಬೋರ್ಡಿನಲ್ಲಿ ನೀವು ಇಳಿಜಾರಿಗೆ ಅಡ್ಡ ನಿಂತು, ಹೆಗಲ ಮೇಲಿಂದ ದಾರಿ ನೋಡುತ್ತೀರಿ. ಎರಡು ಕಾಲೂ ಒಂದೇ ಹಲಗೆಯಲ್ಲಿ ಬಂದಿ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಗುಡ್ಡ ಜಾರಿದವರಿಗೆ ಜಾರುವುದು ಹೊಸದಲ್ಲ. ಆದರೆ ಅದೇ ಹಾಳೆಯ ಮೇಲೆ ಪಕ್ಕಕ್ಕೆ ತಿರುಗಿ ನಿಂತು ಜಾರಿ ನೋಡಿ ಅಂದರೆ? ಬೋರ್ಡಿನ ಮೊದಲ ದಿನ ಅದೇ.

ಸ್ಕೀ ಹೇಗೆ ನಿಲ್ಲುತ್ತದೆ, ಬೋರ್ಡ್ ಯಾಕೆ ಬೀಳಿಸುತ್ತದೆ

ಸ್ಕೀಯಲ್ಲಿ ಮೊದಲ ಪಾಠ ಬ್ರೇಕು. ಎರಡು ಹಲಗೆಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಸಮೋಸಾ ಆಕಾರ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದಷ್ಟೂ ವೇಗ ಕಡಿಮೆ. ಇದನ್ನು ಎರಡು ಗಂಟೆಯಲ್ಲಿ ಕಲಿಯಬಹುದು. ನಾನು ಕಲಿತೆ, ಆಟಪಾಟದಲ್ಲಿ ಎಂದೂ ಮುಂದಿರದವಳು. ಕಷ್ಟ ಶುರುವಾಗುವುದು ಆಮೇಲೆ. ಸಮೋಸಾ ಬಿಟ್ಟು ಎರಡು ಸ್ಕೀಯನ್ನೂ ಸಮಾನಾಂತರವಾಗಿ ಇಟ್ಟುಕೊಂಡು ತಿರುಗುವುದು, ತಿರುವಿನ ಹೊರಗಿನ ಕಾಲಿಗೆ ಭಾರ ಹಾಕುವುದು ಬರಲು ಹಲವು ಚಳಿಗಾಲ ಬೇಕು. ಭಯವಾದಾಗ ಎಲ್ಲರೂ ಹಿಂದಕ್ಕೆ ಒರಗುತ್ತಾರೆ, ಒರಗಿದ ಕ್ಷಣ ಸ್ಕೀ ಮಾತು ಕೇಳುವುದಿಲ್ಲ. ಮೀನಖಂಡವಲ್ಲ, ಮಂಡಿಯ ಕೆಳಗೆ ಕಾಲಿನ ಎದುರಿಗಿರುವ ಮೂಳೆ ಬೂಟಿನ ಮುಂಭಾಗಕ್ಕೆ ಒತ್ತಿರಬೇಕು. ನನ್ನ ಶಿಕ್ಷಕರು ದಿನಕ್ಕೆ ನೂರು ಸಲ ಹೇಳಿದ್ದು ಇದೊಂದನ್ನೇ.

ಬೋರ್ಡಿನಲ್ಲಿ ಬ್ರೇಕು ಅಂಚಿನಲ್ಲಿದೆ. ಹಲಗೆಯನ್ನು ಇಳಿಜಾರಿಗೆ ಅಡ್ಡ ಇಟ್ಟು, ಬೆಟ್ಟದ ಕಡೆಯ ಅಂಚಿನ ಮೇಲೆ ಭಾರ ಹಾಕಿದರೆ ನಿಲ್ಲುತ್ತದೆ. ಹಿಮ್ಮಡಿ ಅಂಚಿನ ಮೇಲೆ ಮುಖ ಕಣಿವೆಗೆ, ಬೆರಳ ಅಂಚಿನ ಮೇಲೆ ಮುಖ ಬೆಟ್ಟಕ್ಕೆ. ಒಂದರಿಂದ ಇನ್ನೊಂದಕ್ಕೆ ದಾಟುವ ಅರೆಕ್ಷಣವಿದೆಯಲ್ಲ, ಅಲ್ಲೇ ಎಲ್ಲ ಪೆಟ್ಟು. ಹಲಗೆ ಚಪ್ಪಟೆಯಾಗಿ ಜಾರುತ್ತಿರುವಾಗ ಕಣಿವೆ ಕಡೆಯ ಅಂಚು ಕೂದಲೆಳೆಯಷ್ಟು ಹಿಮಕ್ಕೆ ಸಿಕ್ಕರೆ ಸಾಕು. ಹಲಗೆ ನಿಂತುಬಿಡುತ್ತದೆ, ನೀವು ನಿಲ್ಲುವುದಿಲ್ಲ. ಕೈ ಮುಂದೆ ತರುವಷ್ಟೂ ಪುರುಸೊತ್ತು ಇರುವುದಿಲ್ಲ. ನಾಲ್ಕನೇ ದಿನ ತಮ್ಮನ ಬೋರ್ಡ್ ಕೇಳಿ ತೆಗೆದುಕೊಂಡು ಅರ್ಧ ದಿನ ಪ್ರಯತ್ನಿಸಿದೆ. ಹಿಮ ಅಷ್ಟು ಗಟ್ಟಿ ಇರುತ್ತದೆಂದು ಆವತ್ತೇ ಗೊತ್ತಾದದ್ದು.

ಆದರೆ ಅದೇ ನಾಲ್ಕನೇ ದಿನ ಬೆಳಗ್ಗೆ ತಮ್ಮ ಎಡಕ್ಕೊಂದು ಬಲಕ್ಕೊಂದು ತಿರುವು ಜೋಡಿಸಿ, ಒಂದೇ ಉಸಿರಿಗೆ ಕೆಳಗೆ ಬಂದಿದ್ದ. ನಾನಿನ್ನೂ ಸಮೋಸಾದಲ್ಲೇ ಇದ್ದೆ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮೂಳೆಗಳ ಜೊತೆ ಮಾತಾಡಿ

ಸ್ಕೀ ಕೇಳುವುದು ಮಂಡಿಯನ್ನು. ಉದ್ದದ ಹಲಗೆ ಒಂದು ಕಡೆ ತಿರುಗಿ ದೇಹ ಇನ್ನೊಂದು ಕಡೆ ಹೋದರೆ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುತ್ತದೆ. ಕೋಲು ಹಿಡಿದೇ ಬಿದ್ದರೆ ಹೆಬ್ಬೆರಳ ಬುಡ ಉಳುಕುತ್ತದೆ. ಬೋರ್ಡಿನಲ್ಲಿ ಎರಡೂ ಕಾಲು ಒಟ್ಟಿಗೆ ತಿರುಗುವುದರಿಂದ ಮಂಡಿಗೆ ತಿರುಚು ಕಡಿಮೆ. ಅದರ ಬದಲು ಮಣಿಕಟ್ಟು, ಭುಜ, ಕುಂಡಿಯ ತುದಿಮೂಳೆ ಸುಂಕ ಕಟ್ಟುತ್ತವೆ. ಬೋರ್ಡ್ ಕಲಿಯುವವರಿಗೆ ಅತಿ ಸಾಮಾನ್ಯವಾದ ಗಾಯವೇ ಮಣಿಕಟ್ಟಿನದು, ಬೀಳುವಾಗ ಅಂಗೈ ಊರಿಬಿಡುತ್ತೇವಲ್ಲ, ಅದರಿಂದ. ದಿನವಿಡೀ ಕೀಬೋರ್ಡ್ ಕುಟ್ಟಿ ಅನ್ನ ತಿನ್ನುವವರು ಇದನ್ನು ಎರಡು ಸಲ ಯೋಚಿಸಿ.

ಹಳೆಯ ಮಂಡಿನೋವು ಇದ್ದರೆ ವೈದ್ಯರನ್ನು ಕೇಳದೆ ಎರಡೂ ಬೇಡ. ಮಕ್ಕಳಿಗೆ ಸ್ಕೀಯೇ ಸರಿ. ನಾಲ್ಕೈದು ವರ್ಷದವರು ಆರಾಮಾಗಿ ಕಲಿಯುತ್ತಾರೆ, ಬೋರ್ಡನ್ನು ಏಳೆಂಟು ವರ್ಷದ ಮೇಲೆ ಕೊಡುವುದು ರೂಢಿ. ಹೆಲ್ಮೆಟ್ ಎರಡಕ್ಕೂ ಬೇಕೇ ಬೇಕು. ಪ್ರವಾಸ ವಿಮೆಯಲ್ಲಿ ಹಿಮಕ್ರೀಡೆ ಸೇರಿದೆಯೋ ಇಲ್ಲವೋ ಹೊರಡುವ ಮುಂಚೆ ಓದಿಕೊಳ್ಳಿ.

ಆಮೇಲೆ ಲಿಫ್ಟು ನೋಡಿ, ಹಿಮ ನೋಡಿ

ಗುಲ್ಮಾರ್ಗ್ ಊರಿರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ಕೊಂಗ್‌ಡೂರಿಗೆ, 2005ರಲ್ಲಿ ತೆರೆದ ಎರಡನೇ ಹಂತ ಅಫರ್ವತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ಫೋಟೊಗಳಲ್ಲಿ ಕಾಣುವುದೆಲ್ಲ ಅಲ್ಲಿಯದು. ನೀವು ಇರುವುದು ಕೆಳಗೆ, ಗಾಲ್ಫ್ ಮೈದಾನದ ಸುತ್ತಲಿನ ಮೆತ್ತನೆಯ ಇಳಿಜಾರುಗಳಲ್ಲಿ. ಅಲ್ಲಿ ಮೇಲೆ ಹೋಗಲು ಡ್ರ್ಯಾಗ್ ಲಿಫ್ಟ್: ತಂತಿಗೆ ನೇತುಬಿಟ್ಟ ಕೋಲು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಕೂರಬಾರದು, ಎಳೆಸಿಕೊಳ್ಳಬೇಕು. ಸ್ಕೀಯವರಿಗೆ ಇದು ಎರಡು ಸಲ ಬಿದ್ದರೆ ಬರುವ ವಿದ್ಯೆ. ಬೋರ್ಡಿನವರು ಹಿಂದಿನ ಕಾಲು ಬಿಚ್ಚಿಕೊಂಡು, ಪಕ್ಕಕ್ಕೆ ತಿರುಗಿ, ತೊಡೆಗೆ ಕೋಲು ಸಿಕ್ಕಿಸಿಕೊಂಡು ಮೇಲೆ ಹೋಗಬೇಕು. ತಮ್ಮ ಇಳಿಯುವಾಗ ಬಿದ್ದದ್ದಕ್ಕಿಂತ ಹತ್ತುವಾಗ ಬಿದ್ದದ್ದೇ ಜಾಸ್ತಿ. ಸಪಾಟು ಜಾಗ ಬಂದರೂ ಇದೇ ಪಾಡು: ನಾನು ಕೋಲು ಊರಿ ಸಾಗುತ್ತಿದ್ದೆ, ಅವನು ಕಾಲು ಬಿಚ್ಚಿ ಕುಂಟುತ್ತಿದ್ದ.

ಹಿಮದ ಲೆಕ್ಕ ಬೇರೆ. ಹೊಸ ಹಿಮ ಮೊಳಕಾಲುದ್ದ ಬಿದ್ದಿದ್ದರೆ ಬೋರ್ಡ್ ರಾಜ. ಅಗಲದ ಹಲಗೆ ತೇಲುತ್ತದೆ, ಬಿದ್ದರೆ ಹಾಸಿಗೆ. ಹಿಮ ತೆಳುವಾಗಿ ಮಂಜುಗಡ್ಡೆ ಕಟ್ಟಿದ್ದರೆ ಬೋರ್ಡ್ ಕಲಿಯುವುದು ಸಿಮೆಂಟಿನ ಮೇಲೆ ಕಲಿತ ಹಾಗೆ. ಈಗೀಗ ನಂಬುವಂತಿಲ್ಲ: 2024ರ ಜನವರಿಯಲ್ಲಿ, ಚಿಲ್ಲೈ ಕಲಾನ್‌ನ ನಡುಗುವ ನಲವತ್ತು ದಿನಗಳ ನಟ್ಟನಡುವೆ, ಗುಲ್ಮಾರ್ಗ್ ಬೋಳಾಗಿತ್ತು. ಆದ್ದರಿಂದ ಬೆಂಗಳೂರಿನಲ್ಲಿ ಕೂತು ಮುಂಗಡ ಕಟ್ಟಬೇಡಿ. ಅಲ್ಲಿಗೆ ಹೋಗಿ ಹಿಮ ತುಳಿದು ನೋಡಿ, ಆಮೇಲೆ ಅಂಗಡಿಗೆ ಹೋಗಿ.

ಎರಡನೇ ಹಂತಕ್ಕೆ ಹಲಗೆ ಹೊತ್ತು ಹೋಗುವ ಆಸೆ ಮೊದಲ ವರ್ಷ ಬೇಡ. ಅದು ಹದ ಮಾಡಿದ ಇಳಿಜಾರಲ್ಲ, ಕಾಡುಬೆಟ್ಟ. ಹಿಮಕುಸಿತದಲ್ಲಿ ಹೂತವರನ್ನು ಪತ್ತೆಹಚ್ಚುವ ಟ್ರಾನ್ಸಿವರ್, ಸಲಿಕೆ, ಗೈಡ್ ಇಲ್ಲದೆ ಅನುಭವಿಗಳೂ ಹೋಗುವುದಿಲ್ಲ. 2024ರ ಫೆಬ್ರವರಿಯಲ್ಲಿ ಅಲ್ಲಿನ ಹಿಮಕುಸಿತಕ್ಕೆ ರಷ್ಯಾದ ಸ್ಕೀಯರ್ ಒಬ್ಬರು ಬಲಿಯಾದರು.

ಅಂಗಡಿಯಲ್ಲಿ ಏನು ಕೇಳಬೇಕು

ಬೂಟೇ ಮುಖ್ಯ, ಹಲಗೆ ಆಮೇಲೆ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್ಕು, ಹಾಕಿಕೊಂಡು ನಡೆದರೆ ಯಕ್ಷಗಾನದ ರಾಕ್ಷಸ ವೇಷ ಪ್ರವೇಶವಾದಂತೆ. ಬೋರ್ಡಿನ ಬೂಟು ಮೆತ್ತಗೆ, ಅದರಲ್ಲೇ ಹೋಗಿ ಕಹ್ವಾ ಕುಡಿದು ಬರಬಹುದು. (ತಮ್ಮ ಬೋರ್ಡ್ ಆರಿಸಲು ಅರ್ಧ ಕಾರಣ ಇದು.) ನೇರ ನಿಂತಾಗ ಬೆರಳು ಬೂಟಿನ ತುದಿಗೆ ಸೋಕಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ನಾನು ಹೋದ ಅಂಗಡಿಯವನು ಒಂದು ಸೈಜು ದೊಡ್ಡದು ಕೊಟ್ಟು ‘ಎರಡು ಸಾಕ್ಸ್ ಹಾಕ್ಕೊಳ್ಳಿ ಮೇಡಂ’ ಅಂದ. ಸಂಜೆಗೆ ಎರಡೂ ಹೆಬ್ಬೆರಳ ಉಗುರು ನೀಲಿ. ಒಂದೇ ಜೊತೆ, ಉಣ್ಣೆಯದು, ಮಡಿಕೆ ಬೀಳದ ಹಾಗೆ. ಹತ್ತಿಯದು ಒದ್ದೆಯಾದರೆ ಕಾಲು ಮರಗಟ್ಟುತ್ತದೆ.

ಬೂಟನ್ನು ಹಲಗೆಗೆ ಹಿಡಿದಿಡುವ ಸ್ಕೀಯ ಕಟ್ಟು (ಬೈಂಡಿಂಗ್) ನೀವು ಜೋರಾಗಿ ಬಿದ್ದಾಗ ತಾನಾಗಿ ಕಳಚಿಕೊಳ್ಳಬೇಕು. ಎಷ್ಟು ಬಲಕ್ಕೆ ಕಳಚಬೇಕೆಂದು ನಿಮ್ಮ ತೂಕ, ಎತ್ತರ, ಅನುಭವ ನೋಡಿ ಸ್ಕ್ರೂ ತಿರುಗಿಸುತ್ತಾರೆ. ದಯವಿಟ್ಟು ತೂಕದ ವಿಷಯದಲ್ಲಿ ಸಂಕೋಚ ಬೇಡ, ನಿಜ ಹೇಳಿ. ಕೇಳದೆಯೇ ಹಲಗೆ ಕೈಗಿಟ್ಟರೆ ಬೇರೆ ಅಂಗಡಿ ನೋಡಿ. ಬೋರ್ಡಿನ ಕಟ್ಟು ಕಳಚುವುದಿಲ್ಲ. ಉದ್ದ ಎರಡಕ್ಕೂ ಗಲ್ಲದ ಆಸುಪಾಸು ಇದ್ದರೆ ಕಲಿಯುವವರಿಗೆ ಸಾಕು.

ಬೋರ್ಡಿಗೆ ಇನ್ನೊಂದು ಪ್ರಶ್ನೆ: ಯಾವ ಕಾಲು ಮುಂದೆ? ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲಾದರೆ ಗೂಫಿ. ಮನೆಯಲ್ಲೇ ಕಂಡುಹಿಡಿಯಬಹುದು. ಸಾಕ್ಸ್ ಹಾಕಿಕೊಂಡು ನುಣುಪು ನೆಲದ ಮೇಲೆ ಓಡಿಬಂದು ಜಾರಿ. ಯೋಚಿಸದೆ ಮುಂದಿಟ್ಟದ್ದು ಯಾವುದೋ ಅದೇ.

ಕಲಿಸುವವರನ್ನು ಆರಿಸುವಾಗ ಒಂದು ಎಚ್ಚರ. ಆ ಕಣಿವೆಯ ಹುಡುಗರು ಸ್ಕೀ ಮೇಲೆಯೇ ಬೆಳೆದವರು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಅಲ್ಲಿನವರೇ. ಬೋರ್ಡ್ ಕಲಿಸುತ್ತೇನೆ ಎಂದವರನ್ನು ‘ನೀವು ಬೋರ್ಡ್ ಮೇಲೆ ಒಂದು ಸುತ್ತು ಇಳಿದು ತೋರಿಸಿ’ ಎಂದು ಕೇಳಿ. ತಮ್ಮನ ಮೊದಲ ಶಿಕ್ಷಕ ಸ್ಕೀ ಹಾಕಿಕೊಂಡೇ ಬೋರ್ಡ್ ಪಾಠ ಮಾಡಿದ!

ಇವೆರಡೂ ಬೇಡ ಎನ್ನುವವರಿಗೆ ಹಿಮ್ಮಡಿಯನ್ನು ಹಲಗೆಗೆ ಬಿಗಿಯದೆ ಸಪಾಟಿನಲ್ಲೂ ಏರಿನಲ್ಲೂ ಸಾಗುವ ನಾರ್ಡಿಕ್ ಸ್ಕೀ ಇದೆ. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಪದಕ ಗೆದ್ದದ್ದು ಅದರಲ್ಲಿ. ಶ್ವಾಸಕೋಶ ಗಟ್ಟಿ ಇರಬೇಕು, ಅಷ್ಟೇ.

ಮೊದಲ ಒಂದು ಗಂಟೆ

ಯಾವುದನ್ನೇ ಆರಿಸಿದರೂ ಮೇಲೆ ಹೋಗಬೇಡಿ. ಒಂದೇ ಕಾಲಿಗೆ ಹಲಗೆ ಕಟ್ಟಿ ಸಪಾಟಿನಲ್ಲಿ ತಳ್ಳಿಕೊಂಡು ತಿರುಗಿ. ಆಮೇಲೆ ಬೀಳುವುದನ್ನು ಕಲಿಯಿರಿ: ಸ್ಕೀಯಲ್ಲಿ ಪಕ್ಕಕ್ಕೆ, ಕೋಲು ಬಿಟ್ಟು. ಬೋರ್ಡಿನಲ್ಲಿ ಮುಷ್ಟಿ ಕಟ್ಟಿ, ಮುಂದಕ್ಕಾದರೆ ಮುಂಗೈ ಮೇಲೆ, ಹಿಂದಕ್ಕಾದರೆ ಗಲ್ಲ ಎದೆಗೆ ಒತ್ತಿಕೊಂಡು ಕುಂಡಿಯಿಂದ ಬೆನ್ನಿಗೆ ಉರುಳಿ. ಬೋರ್ಡಿನಲ್ಲಿ ಕೂತಲ್ಲಿಂದ ಏಳಲು ಆಗದಿದ್ದರೆ ಹೊಟ್ಟೆಯ ಮೇಲೆ ಮಗುಚಿ, ಮಂಡಿಯೂರಿ ಎದ್ದರೆ ಸುಲಭ. ಈ ಗುಟ್ಟು ತಮ್ಮನಿಗೆ ಎರಡನೇ ದಿನ, ಪಕ್ಕದಲ್ಲಿ ಸ್ಲೆಡ್ಜ್ ಎಳೆಯುತ್ತಿದ್ದ ಹುಡುಗನೊಬ್ಬ ಹೇಳಿಕೊಟ್ಟ. ಎರಡನೇ ದಿನ ಮಾತ್ರ ‘ಇದು ಆಗಲ್ಲ, ಅದನ್ನ ನೋಡ್ತೀನಿ’ ಎಂದು ಹಲಗೆ ಬದಲಿಸಬೇಡಿ. ಹಾಗೆ ಮಾಡಿದರೆ ಎರಡರ ಮೊದಲ ದಿನದ ಪೆಟ್ಟನ್ನೂ ತಿಂದು ಊರಿಗೆ ಬರುತ್ತೀರಿ.

ಈ ವರ್ಷ ನಾವು ಎಂಟು ದಿನಕ್ಕೆ ಹೊರಟಿದ್ದೇವೆ. ನಾನು ಸ್ಕೀಗೇ. ತಮ್ಮ ಬೋರ್ಡ್ ಬಿಟ್ಟಿಲ್ಲ. ನಿನ್ನೆ ಬ್ಯಾಗಿಗೆ ಅವನು ಮೊದಲು ತುಂಬಿದ್ದು ಸ್ಕೇಟಿಂಗ್‌ನವರ ಮಣಿಕಟ್ಟು ಪಟ್ಟಿ, ಆಮೇಲೆ ಸೋಫಾದ ಒಂದು ಹಳೆಯ ಸ್ಪಂಜು.